ಗ್ಯಾಸ್ಟ್ರಿಕ್ ಮಾತ್ರೆ ತಗೊಳ್ತಿದ್ದೇನೆ, ಮುಟ್ಟು ತಪ್ಪಿದೆ, ಪ್ರೊಲ್ಯಾಕ್ಟಿನ್ 78 ಬಂದಿದೆ: ಪ್ರತಿಕ್ರಿಯೆ
ಎದೆಹಾಲು ತರಿಸುವ ಹಾರ್ಮೋನಾದ ಪ್ರೊಲ್ಯಾಕ್ಟಿನ್ ಏರಲು, ನಿಮ್ಮ ಮಾತ್ರೆಯಲ್ಲಿ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಜೊತೆಗಿರುವ, ವಾಂತಿ ತಡೆಯುವ ಡೊಂಪೆರಿಡೋನೇ ಕಾರಣವಿರಬಹುದು. ಮೆದುಳಿನ ಹೈಪೊಥಲಾಮಸ್ ಭಾಗದಿಂದ ಬರುವ ಡೋಪಮೈನ್ ಎಂಬ ರಾಸಾಯನಿಕ, ಅದರ ಕೆಳಗಿನ ಪಿಟ್ಯುಟರಿ ಗ್ರಂಥಿಯ ಡಿ2 ಗ್ರಾಹಕಗಳ (ಸಂಕೇತ ಹಿಡಿಯುವ ರಿಸೆಪ್ಟರ್‌ಗಳ) ಮೂಲಕ ಪ್ರೊಲ್ಯಾಕ್ಟಿನ್ನನ್ನು ಸದಾ ತಡೆಹಿಡಿದಿರುತ್ತದೆ. ಡೊಂಪೆರಿಡೋನ್ ಆ ಗ್ರಾಹಕಗಳನ್ನೇ ಮುಚ್ಚುತ್ತದೆ. ಏರಿದ ಪ್ರೊಲ್ಯಾಕ್ಟಿನ್ ಮುಟ್ಟಿನ ಚಕ್ರ ನಡೆಸುವ ಮೆದುಳಿನ ಹಾರ್ಮೋನಾದ ಜಿಎನ್‌ಆರ್‌ಎಚ್‌ನ ಮಿಡಿತವನ್ನು ಕುಗ್ಗಿಸಿದಾಗ ಮುಟ್ಟು ತಪ್ಪುತ್ತದೆ.

ಮೊದಲು ಗರ್ಭಧಾರಣೆ ಪರೀಕ್ಷೆ ಮಾಡಿಸಿ. ಆಮೇಲೆ ವೈದ್ಯರನ್ನು ಕೇಳಿ ಡೊಂಪೆರಿಡೋನ್ ಇಲ್ಲದ ಮಾತ್ರೆಗೆ ಬದಲಿಸಿ, ಕನಿಷ್ಠ 3 ದಿನ ಬಿಟ್ಟು ಮತ್ತೆ ರಕ್ತ ಕೊಡಿ. ಎದ್ದ ತಕ್ಷಣ ಬೇಡ, ಒಂದೆರಡು ಗಂಟೆ ಕಳೆಯಲಿ. ನಿದ್ದೆಯಲ್ಲಿ ಪ್ರೊಲ್ಯಾಕ್ಟಿನ್ ತಾನಾಗಿಯೇ ಏರಿರುತ್ತದೆ. ಜೊತೆಗೇ ಥೈರಾಯ್ಡ್ ಪರೀಕ್ಷೆಯಾದ ಟಿಎಸ್‌ಎಚ್ ನೋಡಿಸಿ: ಥೈರಾಯ್ಡ್ ಕುಂದಿದರೆ ಹೆಚ್ಚುವ ಟಿಆರ್‌ಎಚ್ ಎಂಬ ಹೈಪೊಥಲಾಮಸ್ ಹಾರ್ಮೋನ್ ಕೂಡ ಪ್ರೊಲ್ಯಾಕ್ಟಿನ್ ಏರಿಸುತ್ತದೆ.

78 ಎಂಬ ಅಂಕಿಯೊಂದರಿಂದಲೇ ಪಿಟ್ಯುಟರಿಯಲ್ಲಿ ಗೆಡ್ಡೆ ಇದೆ, ಇಲ್ಲ ಎನ್ನಲಾಗದು. ಮಾತ್ರೆ ಬಿಟ್ಟರೂ ಇಳಿಯದಿದ್ದರೆ ಪಿಟ್ಯುಟರಿ ಎಂಆರ್‌ಐ ಬೇಕಾಗುತ್ತದೆ. ಬಿಡದ ತಲೆನೋವಿದ್ದರೆ, ಅಕ್ಕಪಕ್ಕದ್ದು ಮಂಕಾಗಿ ಕಾಣುತ್ತಿದ್ದರೆ ಕಾಯದೆ ಈಗಲೇ ಎಂಡೊಕ್ರೈನಾಲಜಿಸ್ಟ್‌ಗೆ (ಹಾರ್ಮೋನ್ ತಜ್ಞರಿಗೆ) ತೋರಿಸಿ.