ವಸಡಿನ ಲೇಖನ ವಾಪಸ್ ಕಳಿಸಿದ್ದೇನೆ, ತಿದ್ದಿ ಕೊಡಿ

ನಮಸ್ಕಾರ. ದುರ್ಗದಿಂದ ನೀವು ಕಳಿಸಿದ ವಸಡು ರೋಗದ ಲೇಖನ ಓದಿದೆ. ಈಗ ಇರುವ ಹಾಗೆ ಹಾಕೋಕೆ ಆಗಲ್ಲ.

ಮೊದಲ ಎರಡು ಪ್ಯಾರಾ ತೆಗೆದುಬಿಡಿ. ‘ಬಾಯಿ ದೇಹದ ಹೆಬ್ಬಾಗಿಲು’ ಅನ್ನೋದೆಲ್ಲ ಟೂತ್‌ಪೇಸ್ಟ್ ಜಾಹೀರಾತಿಗೆ ಇರಲಿ. ಉಗಿದ ನೊರೆಯಲ್ಲಿ ಕೆಂಪು ಕಂಡಾಗ ನಿಮ್ಮಪ್ಪ ‘ಉಷ್ಣ ಕಣೋ, ಏನಾಗಲ್ಲ’ ಅಂದರಲ್ಲ, ಬರಹ ಶುರುವಾಗೋದೇ ಅಲ್ಲಿಂದ.

ಇನ್ನು ಕೋಟೆ. ದುರ್ಗದವರು ಕೋಟೆ ಬಿಟ್ಟು ಬರೆಯೋದು ಕಷ್ಟ, ಗೊತ್ತು. ಆದರೆ ನೀವು ಬ್ಯಾಕ್ಟೀರಿಯಾವನ್ನು ಹೈದರಾಲಿಯ ಸೈನ್ಯ ಮಾಡಿ, ನ್ಯೂಟ್ರೋಫಿಲ್ ಅನ್ನೋ ಬಿಳಿ ರಕ್ತಕಣದ ಕೈಗೆ ಓಬವ್ವನ ಒನಕೆ ಕೊಟ್ಟು ಗೆಲ್ಲಿಸಿಯೇ ಬಿಟ್ಟಿದ್ದೀರಿ. ಗೆದ್ದಿದ್ದರೆ ಹಲ್ಲು ಯಾಕೆ ಅಲ್ಲಾಡುತ್ತೆ ಸ್ವಾಮಿ?

‘ಬ್ಯಾಕ್ಟೀರಿಯಾ ಮೂಳೆ ತಿನ್ನುತ್ತವೆ’ ಅನ್ನೋ ಸಾಲು ತಪ್ಪು. ನ್ಯೂಟ್ರೋಫಿಲ್‌ಗಳು ಆರೋಗ್ಯವಂತರ ಬಾಯಲ್ಲೂ ಹಲ್ಲು–ವಸಡಿನ ಸಂದಿಗೆ ಬರುತ್ತಲೇ ಇರುತ್ತವೆ. ಪ್ಲಾಕ್, ಅಂದರೆ ಹಲ್ಲಿಗೆ ಅಂಟುವ ಬ್ಯಾಕ್ಟೀರಿಯಾ ಪದರ, ಕೂತಲ್ಲೇ ಕೂತರೆ ಗುಂಪು ಗುಂಪಾಗಿ ಬಂದು ಬ್ಯಾಕ್ಟೀರಿಯಾ ನುಂಗುತ್ತವೆ, ಆದರೆ ಆ ಗಡಿಬಿಡಿಯಲ್ಲಿ ಸುರಿಸುವ ಕಿಣ್ವಗಳು ಪಕ್ಕದ ವಸಡನ್ನೂ ಕೆಡಿಸುತ್ತವೆ. ಊತ ಇಳಿಯದೇ ಒಳಗಿಳಿಯಿತು ಅಂದರೆ ಟಿ ಕಣಗಳಂಥ ಬಿಳಿ ರಕ್ತಕಣಗಳು ರ್‍ಯಾಂಕ್‌ಎಲ್ ಅನ್ನೋ ಸಂಕೇತ ಕೊಟ್ಟು ಆಸ್ಟಿಯೋಕ್ಲಾಸ್ಟ್‌ಗಳನ್ನು ಎಬ್ಬಿಸುತ್ತವೆ. ಮೂಳೆ ಕರಗಿಸೋದು ಇವು, ನಮ್ಮವೇ ಕಣಗಳು. ನಿಮ್ಮ ಲೇಖನದ ಜೀವ ಇದು, ಅದೇ ಇಲ್ಲ.

ಪಾರ್ಫಿರೊಮೊನಾಸ್ ಜಿಂಜಿವಾಲಿಸ್ ಅನ್ನೋ ಬ್ಯಾಕ್ಟೀರಿಯಾಕ್ಕೆ ಒಂದೇ ಸಾಲು ಕೊಟ್ಟು ಮುಂದೆ ಹೋಗಿದ್ದೀರಿ, ಅನ್ಯಾಯ. ಅದು ಸಂಖ್ಯೆಯಲ್ಲಿ ಕಡಿಮೆ ಇದ್ದುಕೊಂಡೇ ಕೊಲ್ಲೋಕೆ ಬಂದ ಕಣಗಳನ್ನು ದಾರಿ ತಪ್ಪಿಸುತ್ತೆ, ಊತವನ್ನು ಮಾತ್ರ ಆರೋಕೆ ಬಿಡಲ್ಲ, ಯಾಕಂದ್ರೆ ಊತದಿಂದ ಹಾಳಾದ ವಸಡಿನ ಚೂರುಗಳೇ ಅದಕ್ಕೆ ಊಟ. ಇದಕ್ಕೆ ಎರಡು ಪ್ಯಾರಾ ಕೊಡಿ.

1965ರ ಡೆನ್ಮಾರ್ಕ್ ಪ್ರಯೋಗ ಹಾಕಿದ್ದು ಚೆನ್ನಾಗಿದೆ. ಹಲ್ಲುಜ್ಜೋದು ನಿಲ್ಲಿಸಿದವರಿಗೆ ಎರಡು-ಮೂರು ವಾರದೊಳಗೆ ವಸಡು ಊದಿತ್ತು. ಮತ್ತೆ ಉಜ್ಜಿದಾಗ ಇಳಿಯಿತು ಅನ್ನೋದನ್ನು ಮರೆತಿದ್ದೀರಿ, ಸೇರಿಸಿ. ಕರಗಿದ ಮೂಳೆ ಹಾಗೆ ಸುಮ್ನೆ ವಾಪಸ್ ಬರಲ್ಲ ಅನ್ನೋದನ್ನೂ. ಬೀಡಿ ಸೇದುವವರಿಗೆ ವಸಡಿನಿಂದ ರಕ್ತ ಕಡಿಮೆ ಬರುತ್ತೆ, ರೋಗ ಕಡಿಮೆ ಇದೆ ಅಂತಲ್ಲ. ನಿಮ್ಮಪ್ಪನ ಮಾತಿನ ಪಕ್ಕದಲ್ಲೇ ಇದು ಬರಲಿ.

ದಾವಣಗೆರೆಗೆ ಬಂದಾಗ ಯಾವುದಾದರೂ ಡೆಂಟಲ್ ಕಾಲೇಜಿನಲ್ಲಿ ಅನುಮತಿ ಕೇಳಿ, ವಸಡಿನ ವಿಭಾಗದಲ್ಲಿ ಒಂದು ಬೆಳಿಗ್ಗೆ ಕೂತು ನೋಡಿ. ಗೆರೆ ಹಾಕಿದ ತೆಳು ಕಡ್ಡಿಯನ್ನು ಸಂದಿಗೆ ಇಳಿಸಿ ‘ಎರಡು, ಮೂರು, ಆರು’ ಅಂತ ಮಿಲಿಮೀಟರ್ ಬರೆಸುತ್ತಾರೆ. 3ರವರೆಗೆ ಪರವಾಗಿಲ್ಲ. ಆರು ಅಂದಾಗ ಕುರ್ಚಿಯಲ್ಲಿದ್ದವರ ಮುಖ ಹೇಗಿತ್ತು ಅಂತ ಬರೆದು ಕಳಿಸಿ. ಕೋಟೆ ಬೇಡ.