ಬಾಯ್ಲರ್ ಆಮೇಲೆ, ಮೊದಲು ಸಂದು ಮುಚ್ಚು

ತಮ್ಮಾ, ಆಲೂರಿನ ಪಾಲಿಹೌಸಿನಲ್ಲಿ ಕ್ಯಾಪ್ಸಿಕಂ ಬೆಳೆದ ಅನುಭವವಿದೆ, ಕೆನಡಾಕ್ಕೆ ಬಂದ ಮೇಲೆ ಸಣ್ಣದೊಂದು ಹಸಿರುಮನೆ ಕಟ್ಟಿದರೆ ಚಳಿಗಾಲದ ಗ್ಯಾಸ್ ಬಿಲ್ಲು ನುಂಗಿಬಿಡುತ್ತದೆಯೇ ಎಂದು ಕೇಳಿದ್ದೀಯ. ನಾನು ಮೂಡಿಗೆರೆಯವನು, ಒಂಟಾರಿಯೊದ ಲೀಮಿಂಗ್ಟನ್ ಬಳಿ ನೆಲೆಸಿದ್ದೇನೆ. ನುಂಗುತ್ತದೆ, ಕಲಿಯುವವರೆಗೂ ನುಂಗುತ್ತದೆ.

ಆಲೂರಿನಲ್ಲಿ ನಿನ್ನ ಚಿಂತೆ ಮಧ್ಯಾಹ್ನದ ಕಾವನ್ನು ಹೊರಗೆ ಅಟ್ಟುವುದು. ಇಲ್ಲಿ ಅದೇ ತಿರುಗುಮುರುಗು. ಒಳಗೆ 18 ಡಿಗ್ರಿ, ಹೊರಗೆ ಮೈನಸ್ 12 ಇದ್ದರೆ ಆ 30 ಡಿಗ್ರಿ ಅಂತರವೇ ರಾತ್ರಿಯಿಡೀ ಶಾಖವನ್ನು ಹೊರಗೆಳೆಯುತ್ತದೆ; ಗಾಳಿ ಎದ್ದರೆ ಕೇಳುವುದೇ ಬೇಡ. ಮೊದಲ ವರ್ಷ ನಾನು ದೊಡ್ಡ ಬಾಯ್ಲರ್ ತಂದೆ, ಜೊತೆಗೆ ಬಿಲ್ಲೂ ದೊಡ್ಡದಾಯಿತು. ಕೊನೆಗೆ ಒಂದು ಸಂಜೆ ಊರಿನಿಂದ ತಂದಿದ್ದ ಊದುಬತ್ತಿ ಹಚ್ಚಿಕೊಂಡು ಗೋಡೆಯುದ್ದಕ್ಕೂ ನಡೆದೆ. ಬಾಗಿಲ ಸಂದು, ಫ್ಯಾನಿನ ಕವಾಟ, ನೆಲ ಸೇರುವ ಅಂಚು: ಎಲ್ಲೆಲ್ಲಿ ಹೊಗೆ ಓಲಾಡಿತೋ ಅಲ್ಲೆಲ್ಲ ನನ್ನ ದುಡ್ಡು ಸೋರುತ್ತಿತ್ತು.

ಆಮೇಲೆ ಎರಡು ಪದರದ ಪ್ಲಾಸ್ಟಿಕ್. ನಡುವೆ ಸಣ್ಣ ಬ್ಲೋವರಿನಿಂದ ಗಾಳಿ ತುಂಬಿಸುತ್ತಾರೆ. ಒಂಟಿ ಪದರಕ್ಕಿಂತ ಇಂಧನ ಸುಮಾರು ಮೂರನೇ ಒಂದು ಪಾಲು ಉಳಿಯುತ್ತದೆ. ಬೆಳಕು ಸ್ವಲ್ಪ ಕಡಿಮೆಯಾಗುತ್ತದೆ, ಸಹಿಸಿಕೊ. ಬ್ಲೋವರಿಗೆ ಹೊರಗಿನ ಒಣ ಗಾಳಿಯನ್ನೇ ಕೊಡಬೇಕು. ಒಳಗಿನ ತೇವದ ಗಾಳಿ ಕೊಟ್ಟರೆ ಪದರಗಳ ನಡುವೆ ನೀರು ಕಟ್ಟುತ್ತದೆ.

ನನ್ನ ಲೆಕ್ಕದಲ್ಲಿ ಹಾಕಿದ ಹಣಕ್ಕೆ ಮೋಸ ಮಾಡದ್ದು ಶಾಖದ ಪರದೆ. ಸೂರ್ಯ ಮುಳುಗುತ್ತಲೇ ಗಿಡಗಳ ಮೇಲೆ ಅಡ್ಡಲಾಗಿ ಎಳೆಯುವುದು. ಆದರೆ ಬೆಳಿಗ್ಗೆ ಒಮ್ಮೆಲೇ ಸರಿಸಬೇಡ: ಮೇಲೆ ನಿಂತ ತಣ್ಣನೆಯ ಗಾಳಿ ದಬದಬನೆ ಗಿಡದ ಮೇಲೆ ಸುರಿಯುತ್ತದೆ. ಗೇಣಗಲ ತೆರೆದು ಕಾಯಬೇಕು. ಹಿಮ ಜೋರಾಗಿ ಬೀಳುವ ರಾತ್ರಿ ಉಳಿತಾಯ ಮರೆತು ಪರದೆ ತೆರೆದಿಡು. ಛಾವಣಿಗೆ ಕಾವು ತಾಗಿ ಹಿಮ ಕರಗದಿದ್ದರೆ ಆ ಭಾರಕ್ಕೆ ಕಮಾನೇ ಕುಸಿಯಬಹುದು. ಎಲ್ಲ ಬಿಗಿಯಾಗಿ ಮುಚ್ಚಿದ ಮನೆಯಲ್ಲಿ ತೇವ ಉಳಿದು ಬೂಷ್ಟು ಬರುವುದೂ ಉಂಟು. ಆಗಾಗ ಒಂದಿಷ್ಟು ಶಾಖ ಕಳೆದುಕೊಂಡಾದರೂ ಗಾಳಿಯಾಡಿಸಬೇಕು.

ಹಗಲು ಗ್ಯಾಸ್ ಉರಿಸಿ, ಅದರ ಇಂಗಾಲದ ಡೈಆಕ್ಸೈಡನ್ನು ಗಿಡಕ್ಕೆ ಕೊಟ್ಟು, ಬಿಸಿನೀರನ್ನು ದೊಡ್ಡ ಟ್ಯಾಂಕಿನಲ್ಲಿ ರಾತ್ರಿಗೆ ಕೂಡಿಡುವವರೂ ಇಲ್ಲಿದ್ದಾರೆ. ಅದು ಎಕರೆಗಟ್ಟಲೆ ಇರುವವರ ಆಟ. ನಾನಂತೂ ಡಿಸೆಂಬರ್, ಜನವರಿಯಲ್ಲಿ ಬೀಗ ಹಾಕುತ್ತೇನೆ. ಬೆಳಕೇ ಇಲ್ಲದಾಗ ಶಾಖ ಕೊಂಡರೂ ಕಾಯಿ ಬಲಿಯುವುದಿಲ್ಲ.

ಬಂದ ಮೊದಲ ಚಳಿಗಾಲ ಬೇರೆಯವರ ಹಸಿರುಮನೆಯಲ್ಲಿ ಕೆಲಸ ಮಾಡು, ರಾತ್ರಿ ಪಾಳಿ ಇದ್ದರೆ ಕೇಳಿ ಪಡೆದುಕೋ. ಸ್ವಂತದ್ದರ ಲೆಕ್ಕಕ್ಕೆ ಮಾರ್ಚಿಯಲ್ಲಿ ಕೂರೋಣ.