‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಕಡತಗಳನ್ನು ಬಹುಕಾಲ ಉಳಿಸುವುದು ಹೇಗೆ?

ಮೊದಲು ಯೂನಿಕೋಡ್‌ಗೆ, ಅಂದರೆ ಇಂದಿನ ಕಂಪ್ಯೂಟರುಗಳೆಲ್ಲ ಬಳಸುವ ಅಕ್ಷರ ಸಂಕೇತ ಪದ್ಧತಿಗೆ, ಪರಿವರ್ತಿಸಿ, ಉಳಿದದ್ದೆಲ್ಲ ಆಮೇಲೆ. ಹಳೆಯ ನುಡಿ ಫಾಂಟ್‌ಗಳ ಕಡತದೊಳಗೆ ಕನ್ನಡವೇ ಇರುವುದಿಲ್ಲ. ನಮಗೆ ‘ಕ’ ಕಾಣುವಲ್ಲಿ ಇರುವುದು ಇಂಗ್ಲಿಷಿನ ‘ಪಿ’, ಪಕ್ಕದಲ್ಲಿ ತಲೆಕಟ್ಟಿಗೆಂದು ಇನ್ನೊಂದು ಚಿಹ್ನೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಕಲಸುಮೇಲೋಗರ. ಬಸವನಗುಡಿಯ ಮನೆಯಲ್ಲಿ ಅಪ್ಪ ಟೈಪ್ ಮಾಡಿಟ್ಟಿದ್ದ ಊರಿನ ನೆನಪುಗಳು ನನಗೆ ಹಾಗೆ ಕಂಡಾಗ ಕರುಳು ಚುರುಕ್ಕೆಂದಿತು.

ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಮೂಲದೊಂದಿಗೆ ತಾಳೆ ನೋಡಿ; ತಪ್ಪು ನುಸುಳುವುದು ಅಲ್ಲಿಯೇ. ಬಳಿಕ ಸರಳ ಪಠ್ಯವಾಗಿ ಒಮ್ಮೆ, ಫಾಂಟನ್ನೂ ಒಳಗೇ ಇಟ್ಟುಕೊಳ್ಳುವ ಪಿಡಿಎಫ್‌-ಎ ರೂಪದಲ್ಲಿ ಒಮ್ಮೆ ಉಳಿಸಿ. ಮೂಲ ಕಡತವನ್ನು ದಯವಿಟ್ಟು ಅಳಿಸಬೇಡಿ. ಬೆಂಗಳೂರಿನ ಮನೆಯಲ್ಲಿ ಒಂದು ಪ್ರತಿ, ಕ್ಲೌಡ್‌ನಲ್ಲಿ ಒಂದು, ಪರ ಊರಿನ ಬಂಧುಗಳ ಬಳಿ ಒಂದು ಇರಲಿ. ವರ್ಷಕ್ಕೊಮ್ಮೆ ಮೂರನ್ನೂ ತೆರೆದು ಓದಿ ನೋಡಿ.